ಎದ್ದು ನಿಂತ ಹೊಸ್ಲು

ಹೂಂಗುಟ್ಟೋರು ಯಾರ್ರಪ್ಪಾ? ಹೂಂ ಅನ್ನದೆ ಇದ್ರೆ ನನ್ ಕತೆ ಒಂದು ಹೆಜ್ಜೆ ಮುಂದಕ್ಕೆ ಹೋಗಲ್ಲ, ಈಗ್ಲೇ ಹೇಳ್ತೀನಿ. ಹಾಂ, ಹಂಗೆ. ಯಾವ್ದೋ ಕಾಲ, ಯಾವ್ದೋ ಊರು. ಹೆಸರು ಕೇಳ್ಬ್ಯಾಡಿ, ನಂಗೂ ಗೊತ್ತಿಲ್ಲ.

ಆ ಊರಲ್ಲಿ ನಿಂಗಾಜಿ ಅಂತ ಒಬ್ಬಳು. ಗಂಡ ಕುರಿ ಹೊಡ್ಕೊಂಡು ಹುಲ್ಲು ಹುಡುಕ್ತಾ ದೂರ ಹೋಗಿದ್ದ. ಮನೇಲಿ ಇವಳು, ಕಂಬಳಿಗೆ ನೂಲೋ ಉಣ್ಣೆ, ಮತ್ತೆ ಕೂಸು ಹೊನ್ನಿ. ಏಳು ತಿಂಗಳು ಹೊನ್ನಿ ಇಟ್ಟಲ್ಲಿ ಇತ್ತು. ಎಂಟಕ್ಕೆ ಬಿದ್ದಿದ್ದೇ ತಡ, ಅಂಬೆಗಾಲು ಬಂತು ನೋಡಿ, ಅಯ್ಯಯ್ಯೋ! ಬೂದಿಗೆ ಹೋಯ್ತು, ಎಳ್ಕೊಂಡು ಬಂದ್ಲು. ನೀರಿನ ಗಡಿಗೆಗೆ ಹೋಯ್ತು, ಎಳ್ಕೊಂಡು ಬಂದ್ಲು. ಕೋಳಿ ಬುಟ್ಟಿಗೆ ಹೋಯ್ತು, ಎಳ್ಕೊಂಡು ಬಂದು ಬಾಯಲ್ಲಿದ್ದ ಪುಕ್ಕಾನೂ ತೆಗುದ್ಲು. ಒಂದೆಳೆ ನೂಲೋ ಹೊತ್ತಿಗೆ ಮೂರು ಸಲ ಏಳ್ಬೇಕು. ಬ್ಯಾಡ ಅಂದ್ರೆ ಕಿಲಕಿಲ ನಗ್ತಾ ಅಲ್ಲಿಗೇ ನುಗ್ಗೋದು. ಬಾ ಅಂದ್ರೆ ಅಂಡು ತಿರುಗಿಸ್ಕೊಂಡು ಹೋಗೋದು. ನಿಮ್ಮನೇವು ಹಿಂಗಿಲ್ವಾ? ನಗ್ತಿದೀರಲ್ಲ, ಗೊತ್ತಾಯ್ತು ಬಿಡಿ.

ಪಕ್ಕದ್ಮನೆ ಗೌರಜ್ಜಿ ಬಂದು, "ಲೇ ನಿಂಗಾಜಿ, ಕೂಸು ಹೊಸ್ಲು ದಾಟೋ ಹಂಗಾಗೈತೆ. ಅರಿಶಿನ ಕುಂಕುಮ ಇಟ್ಟು, ಹೊಸ್ಲಿಗೆ ಕಾಯಿ ಒಡ್ದು ದಾಟ್ಸವ್ವ" ಅಂದ್ಲು.

"ಕಾಯಿ ಬೇರೆ ಒಡೀಬೇಕಾ? ಹೋಗಮ್ಮ ಬೀದಿಗೆ ಅಂತ ನಾನೇ ಕಳ್ಸಿಕೊಟ್ಟಂಗಾಯ್ತದೆ! ಬೀದೀಲಿ ಎತ್ತು, ಗಾಡಿ, ಬಾವಿ. ಇವಳು ದಾಟೋದೇ ಬ್ಯಾಡ ಅಜ್ಜಿ."

ಅಜ್ಜಿ ಬಾಯ್ಮೇಲೆ ಕೈ ಇಟ್ಕೊಂಡು ಹೋದ್ಲು. ನಿಂಗಾಜಿ ಏನ್ ಮಾಡಿದ್ಲು ಗೊತ್ತಾ? ಅರಿಶಿನ ಇಟ್ಲು, ಕುಂಕುಮ ಇಟ್ಲು. ಕಾಯಿ ಮಾತ್ರ ಗೂಡಲ್ಲಿ ಬಚ್ಚಿಟ್ಲು. ಕೈ ಮುಗ್ದು, "ಹೊಸ್ಲವ್ವ, ಒಂದು ಗೇಣು ಏಳು ತಾಯಿ. ಕೂಸು ದಾಟದಂಗೆ ನೋಡ್ಕೋ" ಅಂದ್ಲು.

ಹೊಸ್ಲು ಗುರುಗುರು ಅಂತ ಒಂದು ಗೇಣು ಎದ್ದೇಬಿಡ್ತು!

ಹೊನ್ನಿ ಸುಮ್ನಿದ್ದೀತಾ? ಮಾರನೇ ದಿನ ಹೊಸ್ಲ ಮೇಲೆ ಹೊಟ್ಟೆ ಹಾಕ್ತು. ನಿಂಗಾಜಿ ಕಾಲು ಹಿಡ್ದು ಎಳುದ್ಲು. "ಹೊಸ್ಲವ್ವ, ಒಂದು ಮೊಳ ಏಳು!" ಎದ್ದಿತು. ಈಗ ನಿಂಗಾಜಿಯೇ ಸೀರೆ ಎತ್ತಿಕಟ್ಟಿ ಏದುಸಿರು ಬಿಡ್ತಾ ದಾಟ್ಬೇಕು. ಅದೂ ಸಾಲ್ದು ಅಂತ ಉಣ್ಣೆ ಮೂಟೆಗಳನ್ನ ಒಳಗಡೆಯಿಂದ ಬಾಗ್ಲಿಗೆ ಅಡ್ಡ ಒಟ್ಟಿದ್ಲು.

ಮೂರನೇ ದಿನ. ಮುದ್ದೆಗೆ ಒಲೆ ಮೇಲೆ ಎಸರಿಟ್ಟು, ತೊಳೆದ ಉಣ್ಣೆ ಹರವೋಕೆ ಮೂಟೆ ಹತ್ತಿಳ್ದು ಅಂಗಳಕ್ಕೆ ಬಂದ್ಲು. ತಿರುಗಿ ನೋಡ್ತಾಳೆ, ಮೂಟೆ ಹತ್ತಿ ಹೊನ್ನಿ ಇಣುಕ್ತಾ ಐತೆ! ಹಿಂದೆ ಮುಂದೆ ನೋಡದೆ ಕೂಗಿದ್ಲು: "ಹೊಸ್ಲವ್ವ, ಏಳು! ನನ್ ಕತ್ತಿನ ಮಟ್ಟ ಏಳು! ಯಾರೂ ದಾಟದಂಗೆ ಏಳು!"

ಎದ್ದಿತು. ಕೂಸು ಮೂಟೆ ಮೇಲಿಂದ ಒಳಕ್ಕೆ ಉರುಳ್ಕೊಂತು. ಈಗ ಹೇಳಿ, ನಿಂಗಾಜಿ ಎಲ್ಲಿ? ಹೊರಗೆ. ಕೂಸೆಲ್ಲಿ? ಒಳಗೆ. ಒಲೆ ಎಲ್ಲಿ? ಅದೂ ಒಳಗೆ!

ನಿಂಗಾಜಿ ಹತ್ತೋಕೆ ಹೋದ್ಲು, ಹೊಸ್ಲು ಅಷ್ಟೇ ಮೇಲಕ್ಕೆದ್ದಿತು. ಇಳುದ್ಲು, ಅದೂ ಕತ್ತಿನ ಮಟ್ಟಕ್ಕೆ ಇಳೀತು. "ತಪ್ಪಾಯ್ತು ತಾಯಿ, ದಾರಿ ಬಿಡು!" ಅಂತ ಹಣೆ ಚಚ್ಕೊಂಡ್ಲು.

ಹೊಸ್ಲವ್ವ ಬಾಯಿ ಬಿಟ್ಲು. "ಯಾರೂ ದಾಟದಂಗೆ ಏಳು ಅಂದೋಳು ನೀನೇ. ನನ್ ಕಾಯಿ ಬಚ್ಚಿಟ್ಟೋಳೂ ನೀನೇ. ಕೂಸು ತಾನಾಗಿ ದಾಟ್ಲಿ, ಆಮೇಲೆ ಇಳೀತೀನಿ."

ಒಳಗೆ ಎಸರು ಕೊತಕೊತ ಕುದೀತಿತ್ತು. ಹೊನ್ನಿ ಒಲೆ ಕಡೆ ಹೊಂಟಿತ್ತು. "ಬಾ ಕಂದಾ" ಅಂದ್ಲು, ಕೂಸು ಒಂದು ಮಾರು ಮುಂದಕ್ಕೋಯ್ತು. "ಬಾ ನನ್ ಚಿನ್ನಾ" ಅಂದ್ಲು, ಇನ್ನೊಂದು ಮಾರು. "ಬಾರೇ ನನ್ನವ್ವಾ" ಅಂದ್ಲು, ಒಲೆಗೂ ಕೂಸಿಗೂ ಇನ್ನು ಮೊಳಾನೇ ಬಾಕಿ. ಬಾ ಅಂದ್ರೆ ಅಂಡು ತಿರುಗ್ಸೋ ಕೂಸಲ್ವಾ ಅದು! ನಿಂಗಾಜಿಗೆ ಜೀವ ಬಾಯಿಗೆ ಬಂತು.

ಆಗ ಹೊಳೀತು ನೋಡಿ. ಕಣ್ಣೀರು ಒರೆಸ್ಕೊಂಡು, ದಿನಾ ಬೈಯೋ ಗಂಟಲಲ್ಲೇ ಗದರಿದ್ಲು: "ಏಯ್ ಹೊನ್ನೀ! ಬ್ಯಾಡ! ಮೂಟೆ ಹತ್ಬ್ಯಾಡ! ಹೊಸ್ಲು ದಾಟೀಯಾ, ಜೋಕೆ!"

ಕೂಸು ಕಿವಿ ನಿಮಿರ್ಸ್ತು. ತಿರುಗ್ತು. ಇದ್ದ ಎರಡೇ ಹಲ್ಲು ಬಿಟ್ಕೊಂಡು ನಕ್ತು. ದಡಬಡ ದಡಬಡ ಬಂದು, ಮೂಟೆ ಮೇಲೆ ಮೂಟೆ ಹತ್ತಿ, ಹೊಸ್ಲ ಮೇಲೆ ಹೊಟ್ಟೆ ಹಾಕಿ, ದೊಪ್ಪಂತ ಅವ್ವನ ಮಡ್ಲಿಗೆ ಬಿತ್ತು!

ಹೊಸ್ಲು ಸರ್ರಂತ ನೆಲಕ್ಕಿಳೀತು. ನಿಂಗಾಜಿ ಅತ್ತಳೋ ನಕ್ಕಳೋ, ಅವಳಿಗೇ ಗೊತ್ತಿಲ್ಲ. ಕೂಸನ್ನ ಸೊಂಟಕ್ಕೇರಿಸ್ಕೊಂಡು, ಮೂಟೆ ತಳ್ಳಿ ಒಳಗೋಡಿ ಕಾಯಿ ತಂದ್ಲು. ಕೂಸನ್ನ ಕೆಳಗಿಳ್ಸಿ, ಹೊಸ್ಲಿಗೆ ಠಪ್ಪಂತ ಒಡುದ್ಲು. ಕಾಯಿನೀರು ಇನ್ನೂ ಹರೀತಾನೇ ಇತ್ತು, ಹೊನ್ನಿ ಬೀದಿಗೆ ಹೊಂಟೇಬಿಡ್ತು.

"ಏಯ್, ಬಾರೇ ಇಲ್ಲಿ!" ಅಂದ್ಲು. ಅಂದು ನಾಲಿಗೆ ಕಚ್ಕೊಂಡ್ಲು. ಈಗ ಗುಟ್ಟು ಗೊತ್ತಲ್ಲ ಅವಳಿಗೆ! ದನಿ ಜೋರು ಮಾಡಿ, "ಹೋಗೇ, ಹೋಗು ಬೀದಿಗೆ!" ಅಂದ್ಲು.

ಕೂಸು ತಿರುಗಿ ಬಂತಾ? ಎಲ್ಲಿ ಬಂತು! ಸೀದಾ ಬೀದಿಗೆ ಹೋಯ್ತು. ಹುಟ್ಟಿದಾಗಿಂದ ಅವ್ವನ ಮಾತು ಕೇಳಿದ್ದು ಅದೇ ಮೊದಲು ಕಣ್ರಪ್ಪಾ!

ನಿಂಗಾಜಿ ಸೆರಗು ಸೊಂಟಕ್ಕೆ ಸಿಗಿಸಿ ನಗ್ತಾ, ಬೈತಾ, ಹಿಂದೆ ಓಡಿದ್ಲು. ಅವಳು ಆ ಕಡೆ ಓಡಿದ್ಲು, ನನ್ ಕತೆ ಈ ಕಡೆ ನಿಂತ್ಕೊಂತು. ಏಳಿ, ಹೊಸ್ಲು ನೋಡ್ಕೊಂಡು ದಾಟಿ.