ಇಂಜಿನ್ನಿನ ಟಾಕಿಯ ನೀರು

ಹಲೋ... ಹಲೋ... ಯಾರ್ರಿ ಮಾತಾಡೋದು? ಸೊಲ್ಲಾಪುರದ ಡಿಸೇಲ್ ಎಣ್ಣಿ ಅಂಗಡಿಯೇನ್ರಿ? ... ಹಾಂ, ಪ್ರಹ್ಲಾದರಾಯರ, ನಮಸ್ಕಾರ್ರಿ. ನಾನು ಇಂಡಿಯಿಂದ, ಪೋಸ್ಟಾಫೀಸಿನಿಂದ ಮಾತಾಡಾಕತ್ತೇನಿ. ಹಿಟ್ಟಿನ ಗಿರಣಿಯವರ ಮನ್ಯಾಕಿ, ರಾಜಬಿ.

... ನಮ್ಮ ಮನಿಯವರು ಎಣ್ಣಿ ಸಲುವಾಗಿ ನಿಮ್ಮಲ್ಲೇ ಬಂದು ಕುಂತಾರಲ್ರಿ, ಒಂಚೂರು ಕರೀರಿ. ... ಹೆಸರಾ? ಅವರ ಹೆಸರ ನಾ ಹ್ಯಾಂಗ ಹೇಳ್ಲಿರಿ? ಎತ್ತರಕ ಅದಾರ, ತೆಳ್ಳಗ. ಗಡ್ಡಕ್ಕ ಜೋಳದ ಹಿಟ್ಟು ಹತ್ತಿದಂಗ ಕಾಣತೈತಿ... ಹಾಂ, ನೀವ ಅಂದ್ರಿ ನೋಡ್ರಿ, ನಬಿಸಾಬ. ಅವರ. ನಗಬ್ಯಾಡ್ರಿ ರಾಯರ, ಟ್ರಂಕ್ ಕಾಲ್ ಐತಿ, ಲಗೂನ ಕರೀರಿ.

... ಗೌಸೂ, ಆ ವಾಯರ್ ಜಗ್ಗಬ್ಯಾಡವ್ವಾ. ಅಬ್ಬಾ ಮಾತಾಡ್ತಾರ ಈಗ. ಇಲ್ಲೇ, ನನ್ನ ಕಾಲ ಹತ್ರ ಕುಂಡ್ರು.

... ಹಲೋ? ನೀವೇನ್ರಿ? ... ಗಾಬರಿ ಆಗಬ್ಯಾಡ್ರಿ, ಎಲ್ಲಾರೂ ಆರಾಮ ಅದೀವಿ. ... ಇಲ್ರಿ, ಯಾರಿಗೂ ಏನೂ ಆಗಿಲ್ಲ. ನೀವು ಉಂಡ್ರಿ? ... ಬರೇ ಚಾ ಕುಡದು ಎಷ್ಟು ದಿನ ನಿಲ್ಲಾವ್ರು ಸಾಲಿನ್ಯಾಗ? ರಾಯರ ಮನ್ಯಾಗ ಒಂದ ರೊಟ್ಟಿ ಕೇಳಿದ್ರ ಇಲ್ಲ ಅಂತಾರೇನು?

... ಏನಂದ್ರಿ? ಸಿಕ್ತಾ? ... ಖರೇನ? ... ಬ್ಯಾರಲ್ ಲಾರಿಗೂ ಏರಿಸಿದ್ರಾ? ... ಯಾ ಅಲ್ಲಾ. ... ಇಲ್ಲ, ಅಳಾಕತ್ತಿಲ್ಲ. ಕೇಳಾಕತ್ತೇನಿ, ಹೇಳ್ರಿ.

... ಹೂಂ. ಸಂಜೀಕ ಲಾರಿ ಬರತೈತಿ. ... ಹೂಂ. ಮುಂಜಾನೆ ಗುಡುಸಾಬಣ್ಣ ಇಂಜಿನ್ ಹಚ್ಚೂದು. ... ನೀವು ಬರೂದಿಲ್ಲಾ? ... ಇನ್ನೊಂದು ಪರ್ಮಿಟ್ಟಿಗೆ ನಿಂತೀರಾ? ... ಹೌದು, ಸಾಲು ಬಿಟ್ರ ಹೋತು.

... ಅದಾವ, ಗಂಜಿ ಕೇಂದ್ರದ ಚೀಲ ಗಿರಣ್ಯಾಗ ತಂದಿಟ್ಟಂಗ ಅದಾವ. ಅದ, ಅಮೇರಿಕಾದ ಕೆಂಪು ಜೋಳ. ಗಿರಣಿ ನಿಂತಾಗಿಂದ ಬರಗಾಲದ ಕೆರಿ ಕೆಲಸದ ಮಂದಿಗೆ ಕಾಳ ಕುದಿಸಿ ಹಾಕಾಕತ್ತಾರ. ಎಷ್ಟು ಕುದಿಸಿದ್ರೂ ಮೆತ್ತಗಾಗೂದಿಲ್ಲಂತ. ಸಣ್ಣ ಹುಡುಗ್ರು ಹೊಟ್ಟಿ ಹಿಡಕೊಂಡು ಗಿಡದ ಬುಡಕ ಮಲಗಿರ್ತಾವು. ... ಹೌದ್ರಿ, ನಾಳೆಯಿಂದ ಹಿಟ್ಟು ಬೇಕ ಬೇಕು.

... ಟಾಕಿ?

... ಕೇಳಸ್ತು. ಇಂಜಿನ್ ತಂಪ ಮಾಡೂ ಟಾಕ್ಯಾಗ ನೀರ ತುಂಬೇತೇನಂತ ಕೇಳಾಕತ್ತೀರಿ. ಎಣ್ಣಿ ಸಿಕ್ರೂ ಟಾಕಿ ಅಡ್ಡ ಆಗತೈತಂತ ಅದನ್ನ ಹೇಳಾಕ ಫೋನ್ ಹಚ್ಚೇನಿ.

... ಇಲ್ರಿ. ... ಅರ್ಧಾನೂ ಇಲ್ಲ. ... ತಳದಾಗ ರಾಡಿ ಐತಿ, ಅಷ್ಟ.

... ಸೋರಿಲ್ರಿ. ಕಳುವೂ ಆಗಿಲ್ಲ. ನಾ ಕೊಟ್ಟೆ. ... ನಾನ. ನನ್ನ ಕೈಲೆ.

... ಬೈರಿ. ಎಷ್ಟು ಬೈತೀರಿ ಬೈರಿ, ಆಮ್ಯಾಲೆ. ಮೊದಲ ನಾ ಹೇಳೂದು ಕೇಳ್ರಿ. ಸಾವಂತ್ರವ್ವನ ಮಗಳು ಹಡದಾಳ. ... ಹೆಣ್ಣು. ... ಬಾಣಂತಿ ಇದ್ದ ಮನಿಗೆ ಟಾಕಿಯ ಬಿಸಿನೀರ ಕೊಡೂದು ನಿಮ್ಮ ಅಪ್ಪಾರು ಗಿರಣಿ ಹಾಕಿದಾಗಿಂದ ನಡದದ್ದ ಐತಿ ಅಲ್ವಾ? ಓಣ್ಯಾಗಿನ ಕೂಸುಗಳೆಲ್ಲಾ ನಮ್ಮ ಇಂಜಿನ್ನಿನ ನೀರಾಗ ಎರಕೊಂಡಾವು. ಸಾವಂತ್ರವ್ವ ಬುಟ್ಟ್ಯಾಗ ಬೀಸಾಕ ಕಾಳನೂ ತಂದಿರ್ಲಿಲ್ಲ, ಕೊಡಾ ಒಂದ ತಂದಿದ್ಲು. ಇಲ್ಲ ಅಂತ ಹ್ಯಾಂಗ ಅನ್ಲಿ? ... ಹೌದು, ಇಂಜಿನ್ ನಿಂತೈತಿ, ಬಿಸಿ ಎಲ್ಲಿಂದ ಬರ್ಬೇಕು? ತಣ್ಣೀರ ಕೊಟ್ಟೆ.

... ಆಕಿ ಒಬ್ಬಾಕಿಗೇ ಕೊಟ್ಟಿದ್ರ ಟಾಕಿ ಖಾಲಿ ಆಗ್ತಿರ್ಲಿಲ್ಲ, ಗೊತ್ತೈತಿ. ಆಕಿ ಕೊಡಾ ಹೊತಗೊಂಡು ಓಣಿ ದಾಟೂದ್ರಾಗ ಎಲ್ಲಾರೂ ನೋಡಿದ್ರು. ಬಂದು ಬಾಗಲಾಗ ಕುಂತ್ರು. ಜಗಳಾ ಮಾಡ್ಲಿಲ್ರಿ, ಖಾಲಿ ಕೊಡಾ ಮುಂದಿಟ್ಕೊಂಡು ಕುಂತ್ರು. ನಾನ ಅಂದೆ, ಇದು ಕುಡಿಯೂ ನೀರಲ್ರವಾ, ಎಣ್ಣಿ ವಾಸನಿ ಹೊಡೀತೈತಿ ಅಂತ. ಸೆರಗಿಲೆ ಸೋಸಿಕೊಂಡು ಕುಡೀತೇವಿ ಅಂದ್ರು.

... ಕಾಯಬೇಕಿತ್ತು, ಹೌದು. ನಿಮ್ಮ ಸುದ್ದಿ ಇಲ್ಲ, ಕಾಗದ ಇಲ್ಲ. ಎಣ್ಣಿ ಈ ವರ್ಷ ಬರೂದಿಲ್ಲಂತ ಬಸ್ಸಿನವ್ರು ಅಂದ್ರು, ಕಚೇರಿಯವ್ರೂ ಅಂದ್ರು. ಎಣ್ಣಿ ಇಲ್ಲದ ಇಂಜಿನ್ನಿಗೆ ನೀರ ಇಟ್ಟು ಏನ್ ಮಾಡ್ಲಿ ಅಂತ ತಿಳದೆ. ನಿಮಗ ಎಣ್ಣಿ ಸಿಗತೈತಂತ ನಾನ ನಂಬಲಿಲ್ಲ ನೋಡ್ರಿ. ಅಷ್ಟ ತಪ್ಪು.

... ನಮ್ಮ ಬಾವಿ? ಕೊಡಾ ಬಿಟ್ರ ಕಲ್ಲಿಗೆ ಬಡದು ಸಪ್ಪಳ ಬರತೈತಿ. ... ಭೀಮಾ ಹೊಳಿಗೆ ಬಂಡಿ ಕಳಸೂದಾ? ಎತ್ತು ನಿಂತಲ್ಲೇ ನಡಗತಾವ್ರಿ, ಮೇವ ಎಲ್ಲೈತಿ? ಹೊಳ್ಯಾಗೂ ಉಸುಕ ತೋಡಿ ಬಟ್ಟಲಲೆ ತುಂಬಕೊಳ್ಳಾಕತ್ತಾರ.

... ಗುಡುಸಾಬಣ್ಣನೂ ಅದ ಅಂದ. ನೀರಿಲ್ಲದ ಹಚ್ಚಿದ್ರ ಇಂಜಿನ್ ಕಾದು ಹಿಡಕೋತೈತಿ, ಮತ್ತ ಏಳೂದಿಲ್ಲ ಅಂದ.

... ಬೀಸುಕಲ್ಲಾ? ಯಾರ ಮನ್ಯಾಗ ಉಳದಾವ್ರಿ? ಗಿರಣಿ ಬಂದಮ್ಯಾಲೆ ಮ್ಯಾಲಿನ ಕಲ್ಲು ಅರಬಿ ಒಗಿಯಾಕ ಹೋತು, ತಳಗಿನ ಕಲ್ಲು ಬಚ್ಚಲಕ್ಕ ಹೋತು. ನೀವೂ ನಿಮ್ಮ ಅಪ್ಪಾರೂ ಅಲ್ಲೇನು ಡಂಗುರಾ ಸಾರಿಸಿದ್ದು, ಇನ್ನ ಮ್ಯಾಲ ಬೀಸಿ ರಟ್ಟಿ ನೋಯಿಸ್ಕೋಬ್ಯಾಡ್ರಿ, ನಾವದೀವಿ ಅಂತ? ... ಚುಚ್ಚಾಕತ್ತಿಲ್ರಿ. ಮಂದಿ ನಮ್ಮನ್ನ ನಂಬ್ಯಾರ, ಅದಕ್ಕ ಅಂದೆ.

... ಪೋಸ್ಟ್ ಮಾಸ್ತರ, ಆತ್ರಿ, ಇನ್ನೊಂದ ಚೂರು. ಕೈ ಮುಗೀತೇನಿ, ಈಗ ಕಟ್ ಮಾಡಬ್ಯಾಡ್ರಿ.

... ಹಲೋ? ಅದೇನಿ. ಇನ್ನೊಂದ ದಾರಿ ಐತಿ, ಅದನ್ನ ಕೇಳ್ರಿ. ಹತ್ತಿ ಜಿನ್ನಿನ ಸಾವಕಾರ್ರು ಹೊಸಾ ಬೋರಿಂಗ್ ಹೊಡಿಸ್ಯಾರಲ್ಲ, ಅದರಾಗ ನೀರೈತಿ. ... ಹಗ್ಗಲೆ ಹ್ಯಾಂಗ ಸೇದೂದ್ರಿ, ಅದರಾಗ ಚರಗಿನೂ ಇಳಿಯೂದಿಲ್ಲ. ಪಂಪ ಹಚ್ಚಬೇಕು. ಪಂಪಿಗೆ ಅವರ ಹತ್ರ ಎಣ್ಣಿ ಇಲ್ಲ. ... ಹೌದು, ನಾನ ಹೋಗಿದ್ದೆ. ಸೆರಗ ಹೊತಗೊಂಡು ಕಟ್ಟಿ ಕೆಳಗ ನಿಂತು ಕೇಳಿದೆ.

... "ತಂಗಿ, ನಿನ್ನ ಗಂಡ ಎಣ್ಣಿ ತಂದ್ರ ಅರ್ಧಾ ಬ್ಯಾರಲ್ ನನಗ ಹಾಕು. ನಿನ್ನ ಟಾಕಿ ತುಂಬಸ್ತೇನಿ, ಹೊರಗ ಒಂದ ನಳಾ ಬಿಟ್ಟು ಊರಿಗೂ ಕೊಡ್ತೇನಿ" ಅಂದ್ರು. ... ಕೆಟ್ಟ ಮಾತ ಆಡ್ಲಿಲ್ರಿ, ಸುಳ್ಳ ಯಾಕ ಹೇಳ್ಲಿ? ಕುಂಡ್ರಾಕ ಹೇಳಿದ್ರು. ಗೌಸೂನ ಕೈಯಾಗ ಬೆಲ್ಲ ಇಟ್ರು.

... ಪರ್ಮಿಟ್ ಬರೇ ಗಿರಣಿಗೆ ಅಂತ ನನಗೂ ಗೊತ್ತೈತಿ. ಬ್ಯಾರೇದವ್ರಿಗೆ ಕೊಟ್ಟಿದ್ದು ತಿಳದ್ರ ಮುಂದಿಂದು ಕೊಡೂದಿಲ್ಲ ಅಂತಾರ. ... ಮತ್ತ ಏನ್ ಮಾಡೂದ್ರಿ? ಎಣ್ಣಿ ಇಟ್ಟುಕೊಂಡು ಕುಡಿಯಾಕ ಬರೂದಿಲ್ಲ, ಬೀಸಾಕೂ ಬರೂದಿಲ್ಲ.

... ಹಾಂ? ... ಕೊಡು ಅಂತೀರಾ? ಅರ್ಧಾ? ... ನಿಮ್ಮ ಬಾಯಿಲೆ ಅಂದ್ರಿ ಹೌದಲ್ಲ? ... ಆತ್ರಿ. ಸಂಜೀಕ ಲಾರಿ ಬಂದ ಕೂಡಲೆ ಹಾಕಸ್ತೇನಿ.

... ಇಡಬ್ಯಾಡ್ರಿ, ಇಡಬ್ಯಾಡ್ರಿ. ಉಳದ ಅರ್ಧಾ ಎಣ್ಣ್ಯಾಗ ಇದ್ದದ್ದೆಲ್ಲಾ ಬೀಸಾಕ ಆಗೂದಿಲ್ಲ. ಸಾವಕಾರ್ರ ಮಾತ ಕೇಳಿದ ಮ್ಯಾಲ ಗುಡುಸಾಬಣ್ಣ ಲೆಕ್ಕಾ ಹಾಕಿ ಖಚಿತ ಹೇಳ್ಯಾನ, ಕೇಂದ್ರದ ಚೀಲ ಮುಗಿಯೂದ್ರಾಗ ಎಣ್ಣಿ ಮುಗೀತೈತಿ ಅಂತ. ಊರ ಮಂದಿಯ ಜೋಳ ಗಿರಣಿ ಗ್ವಾಡಿಗುಂಟ ಐತಲ್ರಿ. ಗುರ್ತಿಗೆ ಚೀಲದ ಬಾಯಿಗೆ ತಮ್ಮ ಸೀರಿ ಅಂಚು ಹರದು ಕಟ್ಟಿ ಹೋಗ್ಯಾರ. ಮನ್ಯಾಗ ಇದ್ದ ಕಡೀ ಜೋಳ ಅದು, ಕೆಲವ್ರಿಗೆ.

... ಅವರದು ಮೊದಲ ಬೀಸಿದ್ರ ಕೆರಿ ಕೆಲಸದ ಹುಡುಗ್ರಿಗೆ ಮತ್ತ ಅದ ಕಾಳ. ಅವೂ ಯಾರವೋ ಕೂಸುಗಳ ಅಲ್ಲೇನ್ರಿ? ... ಇಬ್ರಿಗೂ ಒಂದಿಷ್ಟು ಒಂದಿಷ್ಟು ಅಂದ್ರ ಯಾರ ಹೊಟ್ಟಿಗೂ ಆಗೂದಿಲ್ಲ. ... ನೀವು ಇಲ್ಲಿ ಇರೂದಿಲ್ಲ. ನಾಳೆ ಮುಂಜಾನೆ ಬಾಗಲಾಗ ನಿಲ್ಲಾಕಿ ನಾನು. ಯಾರ ಚೀಲ ತಿರುಗಿ ತಲಿ ಮ್ಯಾಲ ಹೊರಸ್ಲಿ? ಅದೊಂದ ಹೇಳ್ರಿ. ನೀವು ಹೇಳಿದಂಗ ಮಾಡ್ತೇನಿ.

... ಹೇಳ್ರಿ.

... ನಾ ಕೇಳಿದ್ದು ತಪ್ಪಾತೇನು? ... ಉಸಿರರೆ ಬಿಡ್ರಿ, ಕೇಳಸ್ಲಿ. ... ಮಾಸ್ತರ, ಅವರು ಸುಮ್ನಾದ್ರೋ ಲೈನ್ ಹೋತೋ ನೋಡ್ರಿ ಒಂಚೂರು... ಹಲೋ... ಹಲೋ...