ನೀರು ಕುಡಿದ ಮರದ ಮೀನು

...ತಗೊ, ತಗೊ, ನಿನ್ನುಳಿ ಒಂದೂ ಬುಡ್ದಂಗೆ ತಗೊಂಡೋಗು ಸಾದಿಕ್. ನಾಳೆ ಬಂದು ‘ಕೆಂಪರಾಜಣ್ಣ ನನ್ನುಳಿ ಮಡಿಕ್ಕಂಡವ್ನೆ’ ಅನ್ಬೇಡ. ಏನ್ಲಾ ಅಂಗ್ ನೋಡ್ತೀಯಾ? ನಿನ್ನ ಕೆಲಸ ಬುಡ್ಸಿದ್ದು ಓನರ್ರು, ಶಿವಕುಮಾರಣ್ಣ. ನನ್ ಮಕ ಯಾಕೆ ನೋಡ್ತೀಯಾ?

ಹನ್ನೆರಡು ವರ್ಷ! ಹನ್ನೆರಡು ವರ್ಷ ನನ್ ಪಕ್ಕದ ಮೆಷಿನ್ನಲ್ಲಿ ಕೂತಿದ್ದೆ. ಕಲಿಸ್ದೋನು ಯಾರು? ನಾನು. ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತು, ಬಿಸಿಗೆ ತಾನೇ ಕರಗಿ ಹತ್ಕತದೆ, ಆಮೇಲೆ ತಾಳೆಗರಿ ಹಿಡಿ, ಕನ್ನಡಿ ಆಯ್ತದೆ. ಅಷ್ಟೇ ಕಣ್ಲಾ ಚನ್ನಪಟ್ಟಣದ ಕೆಲಸ! ಅರಗು ಕುಡಿಸಿದ ಮೇಲೆ ಮರಕ್ಕೆ ಇನ್ನೊಂದು ಸೇವೆ ಬ್ಯಾಡ. ನಮ್ಮಪ್ಪ ಅದನ್ನೇ ಹೇಳ್ತಿದ್ದ, ನಾನೂ ಅದನ್ನೇ ಹೇಳ್ದೆ. ನೀನೇನಂದೆ? ‘ಅಣ್ಣಾ, ಈ ಗಾಳದ ಮೀನಿಗೆ ತೂತು ಕೊರೆದ ಮೇಲೆ ಒಳಿಕ್ಕೆ ವಾರ್ನಿಷ್ ಬುಡ್ಬೇಕು, ಎರಡು ದಿನ ಒಣಗಿಸ್ಬೇಕು, ಆಮೇಲೆ ಕೊಕ್ಕೆ ಸಿಗಸ್ಬೇಕು.’ ಯೂಟ್ಯೂಬು ನೋಡ್ಕಂಡು ನಂಗೆ ಪಾಠ! ಅರಗಿನ ಮೇಲೆ ವಾರ್ನಿಷ್... ಹೋಳಿಗೆ ಮೇಲೆ ಬೇವಿನೆಣ್ಣೆ ಸುರ್ದಂಗೆ.

ನಗ್ತೀಯಾ? ನಗು, ನಗು.

ಅಲ್ಲ ಕಣ್ಲಾ, ಆಟದ ರೈಲಿಗೆ ಚಕ್ರ ಸಿಗಸಕ್ಕೆ ಎಷ್ಟು ಸಾವಿರ ತೂತು ಕೊರ್ದಿದ್ದೀವಿ? ಯಾವತ್ತಾದ್ರೂ ತೂತಿನೊಳಗೆ ಏನಾದ್ರೂ ಹಾಕಿದ್ದೀವಾ? ರೈಲು ಏನು ಕೆರೇಲಿ ಓಡ್ತದಾ? ...ಆಂ? ಗೊತ್ತು, ಇದು ರೈಲಲ್ಲ, ಮೀನು, ನೀರಿಗೆ ಬೀಳ್ತದೆ. ನಂಗೆ ಗೊತ್ತಿಲ್ವಾ!

ಈ ಮರದ ಮೀನು ಮಾಡ್ಸಿದ ಗಿರಾಕಿಗಳಾದ್ರೂ ಎಂಥೋರು! ಟೋಪಿ ಹಾಕ್ಕಂಡು, ಕೂಲಿಂಗ್ ಗ್ಲಾಸ್ ಹಾಕ್ಕಂಡು ಕನಕಪುರದ ಕಡೆ ಯಾವ್ದೋ ಕೆರೆ ದಡದಲ್ಲಿ ಕೂತ್ಕತಾರಂತೆ. ಮೀನು ಹಿಡಿಯಾದಂತೆ, ಅದನ್ನ ಮಗು ಎತ್ಕಂಡಂಗೆ ಎತ್ಕಂಡು ಫೋಟೋ ತೆಗೆಯಾದಂತೆ, ವಾಪಸ್ ನೀರಿಗೇ ಬುಡಾದಂತೆ! ಸಾರು ಮಾಡಕ್ಕಿಲ್ಲ, ಹುರಿಯಕ್ಕಿಲ್ಲ. ನಮ್ಮೂರಲ್ಲಿ ಎರೆಹುಳ ಸಿಗಿಸಿ ಗಾಳ ಹಾಕಿದ್ರೆ ಕಚ್ಚಲ್ವಾ? ಇವರ ಮೀನಿಗೆ ಕೆಂಪು, ಹಳದಿ, ಹಸಿರು ಪಟ್ಟೆ ಇರೋ ಮರದ ಮೀನೇ ಬೇಕು! ಮೀನಿಗೂ ಶೋಕಿ.

ಆದ್ರೂ ಮಾಡ್ಕೊಟ್ಟೆ. ನಲವತ್ತು. ಗೊಂಬೆ ಮಾಡೋ ಆಲೆಮರದ ಒಂದೊಂದು ತುಂಡೂ ಆರ್ಸಿ ತೆಗ್ದು, ಅಂಗೈಯಲ್ಲಿ ಮಡಿಕಂಡ್ರೆ ಜಾರ್ಬೇಕು, ಅಂಗೆ. ಮರ ಕಡೆದಿದ್ದು ನಾನು, ಅರಗು ನಂದು. ತೂತು, ಕೊಕ್ಕೆ ಕೆಲಸ ನಿಂದು. ಯಾವಾಗ್ಲೂ ಅದು ನಿಂದೇ ತಾನೆ?

ನೋಡು, ಏನಾಯ್ತು? ಮೂರು ವಾರಕ್ಕೆ ವಾಪಸ್ ಬಂದ್ವು. ಕೊಕ್ಕೆ ತೂತಿಂದ ನೀರು ಕುಡಿದು, ಊದ್ಕಂಡು, ಅರಗು ಈರುಳ್ಳಿ ಸಿಪ್ಪೆ ಎದ್ದಂಗೆ ಎದ್ದು... ಥೂ! ಓನರ್ರು ಮೇಜಿನ ಮೇಲೆ ಸುರ್ದಾಗ ಒಂದನ್ನ ಎತ್ಕಂಡು ಉಗುರಲ್ಲಿ ಕೆರೆದು ನೋಡ್ದೆ ಕಣ್ಲಾ. ನನ್ನ ಅರಗು ಅಂಗೆ ಎದ್ದಿದ್ದನ್ನ ಮೂವತ್ತು ವರ್ಷದಲ್ಲಿ ನಾನ್ ನೋಡಿರ್ಲಿಲ್ಲ. ‘ತೂತು ಕೊರೆದೋರು ಯಾರು?’ ಅಂದ್ರು. ‘ಸಾದಿಕ್’ ಅಂದೆ. ಇನ್ಯಾರ ಹೆಸರು ಹೇಳ್ಬೇಕಿತ್ತು? ಇಲ್ಲಿ ಆ ಕೆಲಸ ಮಾಡೋನು ಇನ್ಯಾರವ್ನೆ?

ನೀನು ಬಾಯಿ ಬುಡ್ಬೇಕಿತ್ತು. ‘ನಾನಲ್ಲ’ ಅನ್ಬೇಕಿತ್ತು. ಬಗ್ಗಿಸಿದ ತಲೆ ಎತ್ತಲಿಲ್ಲ! ಅಂದ್ಮೇಲೆ ತಪ್ಪು ನಿಂದೇ ತಾನೆ? ಕುಣಿಯಕ್ಕೆ ಬರ್ದೋಳು ನೆಲ ಡೊಂಕು ಅಂತಾದ್ರೂ ಅಂತಾಳೆ, ನೀನು ಅದೂ ಅನ್ಲಿಲ್ಲ. ಇಷ್ಟುದ್ದ ಪಾಠ ಹೇಳೋನು ಎರಡು ದಿನ ಒಣಗಿಸ್ಬಾರ್ದಾಗಿತ್ತಾ? ಶನಿವಾರ ಸಂಜೆ ಪಾರ್ಸಲ್ ಹೋಗ್ಬೇಕು, ಓನರ್ರು ಮಾಗಡಿ ಮದುವೆಗೆ ಹೋಗವ್ರೆ, ಫೋನ್ ಮೇಲೆ ಫೋನು, ಎರಡು ದಿನ ಒಣಗಿಸ್ತಾ ಕೂತ್ಕಳಕ್ಕೆ ಎಲ್ಲಾಯ್ತದೆ...

...ಎಲ್ಲಾಯ್ತದೆ ನಿಂಗೆ, ಅಂದೆ. ನಿನ್ನ ವಿಚಾರನೇ ಹೇಳಿದ್ದು ನಾನು.

ಏಯ್, ಅಲ್ಲೇನ್ ಹುಡುಕ್ತಿದ್ದೀಯಾ? ಆ ಮೂಟೆ ಹಿಂದೆ ನಿನ್ನುಳಿ ಇಲ್ಲ. ಇಲ್ಲ ಅಂದೆ! ಅದು ಮರದ ಹೊಟ್ಟು, ಯಾಕೆ ಜರುಗಿಸ್ತೀಯಾ...

ಏನದು?

ಗೊತ್ತು, ವಾರ್ನಿಷ್ ಡಬ್ಬ. ಕಣ್ಣು ಕಾಣ್ತದೆ ನಂಗೆ. ಇಲಿಗಿಲಿ ತಳ್ಳಿರ್ಬೇಕು ಅಲ್ಲಿಗೆ... ಮುಚ್ಚಳ ಯಾಕೆ ನನ್ ಕಡೆ ತಿರುಗಿಸ್ತೀಯಾ? ಹೂಂ, ಸೀಲ್ ಒಡ್ದಿಲ್ಲ. ಅದಕ್ಕೇನಿವಾಗ? ನೀನೇ ಒಡ್ದಿಲ್ಲ ಅಂತಾಯ್ತು.

...ಅಂಗೆ ನೋಡ್ಬೇಡ್ಲಾ.

ಪಾರ್ಸಲ್ ಹಿಂದಿನ ದಿನ, ಶುಕ್ರವಾರ ಬೆಳಿಗ್ಗೆ, ನಿನ್ನೆಂಡ್ತಿ ಸಾಬಿರಾಗೆ ಹೆರಿಗೆ ನೋವು ಅಂತ ರಾಮನಗರಕ್ಕೆ ಓಡ್ದೆ, ಸರಿ. ಓಡೋ ಅವಸರದಲ್ಲೂ ಡಬ್ಬ ನನ್ ಮೆಷಿನ್ ಮೇಲೆ ಮಡುಗಿ ‘ಅಣ್ಣಾ, ಇದನ್ನ ಮರೀಬ್ಯಾಡ’ ಅಂದೆ. ನಂಗೆ! ನೀನು, ನಂಗೆ! ಪಿತ್ತ ನೆತ್ತಿಗೇರ್ತು ಕಣ್ಲಾ. ಮೂಟೆ ಹಿಂದಕ್ಕೆ ಎಸ್ದೆ. ಒಂದೇ ಮಧ್ಯಾಹ್ನ ನಲವತ್ತಕ್ಕೂ ತೂತು ಕೊರ್ದೆ, ಕೊಕ್ಕೆ ತಿರುಪ್ದೆ, ಪಾರ್ಸಲ್ ಮಾಡ್ದೆ. ರೈಲಿಗೆ ಮಾಡ್ದಂಗೇ. ಅರಗು ಐತಲ್ಲ, ಇನ್ನೇನು ಅಂತ.

ಹೂಂ. ಹೇಳ್ಬುಟ್ಟೆ. ಈಗ ಬೈಯಿ.

...ಯಾಕ್ಲಾ? ಬೆಚ್ಚಿ ಬೀಳ್ಬೇಕಿತ್ತು ನೀನು. ‘ಏನಣ್ಣಾ ಇಂಗಾ ಮಾಡಾದು’ ಅನ್ಬೇಕಿತ್ತು. ಹುಬ್ಬು ಕೂಡ ಅಲ್ಲಾಡ್ಲಿಲ್ಲ. ಅಂದ್ರೆ... ಗೊತ್ತಿತ್ತಾ ನಿಂಗೆ? ಓನರ್ರು ಮೇಜಿನ ಮೇಲೆ ಸುರಿದಾಗ್ಲೇ? ಶುಕ್ರವಾರ, ಶನಿವಾರ ನೀನಿರ್ಲಿಲ್ಲ, ಒಂದು ಮಾತು ಅಂದಿದ್ರೆ ಸಾಕಿತ್ತು. ಎಳೆ ಮಗೂನ ಮನೇಲಿ ಮಡಿಕಂಡು, ಕೆಲಸ ಕಳ್ಕಂಡು, ಬಾಯಿ ಮುಚ್ಕಂಡು ನಿಂತಿದ್ದೆಯಲ್ಲಾ! ಯಾರಿಗೋಸ್ಕರ? ಮುದುಕನ ಹೆಸರು ಹೋಗ್ಬಾರ್ದು ಅಂತಾನಾ? ನಾನು ನಿನ್ನ ಕೇಳಿದ್ನಾ? ದೊಡ್ಡ ಧರ್ಮಾತ್ಮ!

ನಾಚ್ಕೆ ಆಯ್ತದೆ ಕಣ್ಲಾ ನಂಗೆ. ನೀನು ಬಾಯಿ ಬುಟ್ಟು ಹೇಳಿದ್ರೆ ‘ಸುಳ್ಳು’ ಅಂತ ಜಗಳಕ್ಕೆ ಬೀಳ್ತಿದ್ದೆ. ಗೆಲ್ತಾನೂ ಇದ್ದೆ, ನನ್ ಮಾತು ನಂಬ್ತಿದ್ರು. ನೀನು ಸುಮ್ಕೆ ನಿಂತ್ಕಂಡ್ರೆ ನಾನ್ ಯಾರ ಮೇಲೆ ಜಗಳ ಆಡ್ಲಿ?

ಬೈಕ್ ಸದ್ದು. ಓನರ್ರು ಬಂದ್ರು. ಎಲ್ಲಿಗೋಯ್ತೀಯಾ? ನಿಂತ್ಕೊ. ಚೀಲ ಕೆಳಗೆ ಮಡುಗು. ಮಡುಗ್ಲಾ ಅಂದ್ರೆ! ಈಗ್ಲೂ ಬೇಡ ಅಂತ ತಲೆ ಆಡಿಸ್ತೀಯಾ? ಸುಮ್ನಿರು, ಹನ್ನೆರಡು ವರ್ಷದಲ್ಲಿ ನನ್ ಮಾತು ಒಂದಾದ್ರೂ ಸರಿಯಾಗಿ ಕೇಳು.

ಓನರ್ರೇ... ಒಸಿ ಒಳಿಕ್ಕೆ ಬನ್ನಿ. ಇಲ್ಲ, ಅವ್ನು ಇರ್ಲಿ, ಅವ್ನ ಮುಂದೇನೇ ಹೇಳ್ಬೇಕು. ಆ ತೂತು ಕೊರ್ದೋನು ಇವ್ನಲ್ಲ.