ಅದೇ ತಪ್ಪು ಇನ್ನೊಮ್ಮೆ ಮಾಡು

ಕಮಲಾಕ್ಷಿ ಅಮ್ಮ, ಅಪೂರ್ವ, ನಾಸಿಕ್ ಕನ್ನಡ ಬಳಗದ ಹಿರಿಯರೇ, ವಾಳೂಜ್ ಕಾರ್ಖಾನೆಯಿಂದ ಬಂದಿರುವ ರೋಷನ್ ಅವರೇ — ಎಲ್ಲರಿಗೂ ನಮಸ್ಕಾರ. ನಾನು ಹರ್ಷಿಣಿ. ಗುರುಸಿದ್ದಪ್ಪ ಸರ್ ಟೀಮಿನಲ್ಲಿ ಮೂರು ವರ್ಷ ಇದ್ದೆ. ಮದುವೆಯಾಗಿ ಇಪ್ಪತ್ತೆರಡು ದಿನ. ಈ ಬಳೆಗಳ ಸದ್ದು ಮೈಕಿನಲ್ಲಿ ಕೇಳಿಸಿದರೆ ಕ್ಷಮಿಸಿ. ಶ್ರದ್ಧಾಂಜಲಿ ಸಭೆಗೆ ತೆಗೆದಿಟ್ಟು ಬರ್ತೀನಿ ಅಂದೆ. ಕಮಲಾಕ್ಷಿ ಅಮ್ಮ ಬಿಡಲಿಲ್ಲ — "ಅವರಿದ್ದಿದ್ರ ಬೈತಿದ್ರು, ಹಾಂಗೇ ಬಾರವ್ವಾ."

ನಾನು ಒಂದೇ ವಿಷಯ ಹೇಳಬೇಕು. ಹೋದ ತಿಂಗಳು ವಾಳೂಜ್‌ನಲ್ಲಿ ಆದ ತಪ್ಪು ಸರ್ ಕೈಯಿಂದ ಆದದ್ದು ಎಂದು ಇಲ್ಲಿ ಅರ್ಧ ಜನ ನಂಬಿದ್ದೀರಿ.

ನಮ್ಮದು ಕಾರ್ಖಾನೆಯ ತೂಕದ ಯಂತ್ರಗಳಿಗೆ ಜಾವಾದಲ್ಲಿ ಸಾಫ್ಟ್‌ವೇರ್ ಬರೆಯುವ ಕೆಲಸ. ಅದನ್ನು ಪರೀಕ್ಷಿಸಲು ಕೋಡಿನಲ್ಲೇ ಒಂದು ನಕಲಿ ಯಂತ್ರ ಇರುತ್ತದೆ. ಏನಿಟ್ಟರೂ "ಸರಿ" ಅನ್ನುತ್ತದೆ. ನಮ್ಮ ಸಾಫ್ಟ್‌ವೇರಿನ ಆರು ಭಾಗಗಳಲ್ಲಿ, ಅಂದರೆ ಮಾಡ್ಯೂಲ್‌ಗಳಲ್ಲಿ, ಇಂಥ ಆರು ಯಂತ್ರಗಳಿದ್ದವು, ಒಂದೊಂದು ಒಂದೊಂದು ಥರ. ಸರ್ ಅವನ್ನೆಲ್ಲ ಸೇರಿಸಿ, ಎಲ್ಲರ ಟೆಸ್ಟ್‌ಗಳೂ ಹಂಚಿಕೊಳ್ಳುವ ಒಂದೇ ಮಾಡ್ಯೂಲ್ ಮಾಡಿದರು. ಮೂರು ವಾರ — ಒಬ್ಬರೇ. ನಾವು ಬಾಯಿ ತೆರೆದುಕೊಂಡು ನೋಡ್ತಾ ಕೂತಿದ್ದೆವು.

ಆ ಮಾಡ್ಯೂಲನ್ನು ಬಳಸುವಾಗ, ಏನೇನು ಸೇರಿಸಿ ಸಾಫ್ಟ್‌ವೇರ್ ಕಟ್ಟಬೇಕೆಂದು ಬರೆಯುವ ಬಿಲ್ಡ್ ಫೈಲಿನಲ್ಲಿ, "ಟೆಸ್ಟ್‌ಗೆ ಮಾತ್ರ" ಎಂದು ಸೂಚಿಸಬೇಕು. ಅದೊಂದು ಪದ ಬಿಟ್ಟುಹೋಯಿತು. ನಕಲಿ ಯಂತ್ರ ಸಾಫ್ಟ್‌ವೇರ್ ಜೊತೆ ವಾಳೂಜ್‌ಗೆ ಹೋಗಿ, ನಿಜವಾದ ಯಂತ್ರದ ಜಾಗದಲ್ಲಿ ಕೂತು, ಒಂದು ಇಡೀ ಪಾಳಿಯ ಬ್ರೇಕ್ ಭಾಗಗಳಿಗೆ "ಸರಿ" ಅಂದಿತು. ಲಾರಿ ಹೊರಡುವ ಮೊದಲು ಗೊತ್ತಾಯಿತು. ಎಲ್ಲವನ್ನೂ ಮತ್ತೆ ತೂಗಬೇಕಾಯಿತು.

ನಾವು ವಾಳೂಜ್‌ಗೆ ಹೋದಾಗ ರೋಷನ್ ಅವರು ಕೇಳಿದರು, "ಯಾರು ಮಾಡಿದ್ದು ಇದು?"

ಸರ್ ಎದ್ದು ನಿಂತರು. "ನಾನ್ರೀ."

ಆ ಪದ ಬಿಟ್ಟವಳು — ನಾನು.

ಮದುವೆಗೆ ಹತ್ತು ದಿನ ಇತ್ತು. ಬಾಯಿ ಬಿಡಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಅಳುತ್ತಾ ಕೂತಿದ್ದೆ. ಸರ್ ಅಂದರು, "ಎಲ್ಲಾರೂ ಅಡ್ಡಾಡೋ ಹಾದ್ಯಾಗ ಕುಣಿ ತೆಗದು ಮುಚ್ಚದ ಬಿಟ್ಟಾಂವ ನಾ. ನೀ ಬಿದ್ದಿ, ಅಷ್ಟ."

ಮೂರನೇ ದಿನ ಕರೆದರು. "ಅದೇ ತಪ್ಪು ಇನ್ನೊಮ್ಮೆ ಮಾಡವಾ."

"ಬೇಡ ಸರ್."

"ಮಾಡು. ನಾ ಇಲ್ಲೇ ಇದ್ದೀನಿ."

ಆ ಪದ ಅಳಿಸಿದೆ. ಬಿಲ್ಡ್ ಓಡಿಸಿದೆ. ಅರ್ಧಕ್ಕೇ ನಿಂತಿತು — ಆ ಎರಡು ದಿನದಲ್ಲಿ ಸರ್ ಅಲ್ಲೊಂದು ತಡೆ ಕಟ್ಟಿದ್ದರು. ಪರದೆಯ ಮೇಲೆ ಕೆಂಪು ಸಾಲು: ಟೆಸ್ಟ್ ಕೋಡ್ ಹೊರಗೆ ಹೋಗುವಂತಿಲ್ಲ. ಬೇರೆ ಮಾಡ್ಯೂಲಿನಲ್ಲಿ ನೋಡು, ಬೇರೆ ದಾರಿ ಹಿಡಿ ಅಂದರು. ಹನ್ನೊಂದು ಸಲ ತಪ್ಪು ಮಾಡಿದೆ. ಹನ್ನೊಂದು ಸಲವೂ ನಿಂತಿತು. ಸರ್ ನಕ್ಕರು: "ನಿನ್ನಷ್ಟು ಚಂದ ತಪ್ಪು ಮಾಡಾವ್ರು ಯಾರೂ ಇಲ್ಲ ಬಿಡು. ಹೋಗು, ಮದುವಿ ಮಾಡ್ಕೋ."

ಕೊನೆಯ ಸಲ ಸರ್ ಹೇಳುವ ಮೊದಲೇ ನಾನೇ ಆ ಪದ ಅಳಿಸಿ ಬಿಲ್ಡ್ ಓಡಿಸಿದ್ದೆ — ಹೆದರಿಕೆ ಹೋಗಿತ್ತು. ಅಷ್ಟು ಸಲ ಮಾಡಿಸಿದ್ದು ಅದಕ್ಕೇ ಎಂದು ಈಗ ಹೊಳೆಯುತ್ತದೆ. ಇಂಥವರ ಪಕ್ಕದ ಕುರ್ಚಿಯಲ್ಲಿ ನಾನು ಕೂತಿದ್ದೆ — ನಂಬೋದಕ್ಕೇ ಆಗ್ತಿಲ್ಲ.

ರಜೆ ಮುಗಿಸಿ ಬಂದು ಎಲ್ಲರಿಗೂ ನಿಜ ಹೇಳುವವಳಿದ್ದೆ. ಬರುವಷ್ಟರಲ್ಲಿ ಸರ್ ಇರಲಿಲ್ಲ.

ರೋಷನ್ ಅವರೇ, ನಿಮ್ಮ ರಿಪೋರ್ಟಿನಲ್ಲಿ ಸರ್ ಹೆಸರಿದೆ. ಅಲ್ಲಿ ನನ್ನ ಹೆಸರು ಬರೆಯಿರಿ. ಅಪೂರ್ವ — ನಿಮ್ಮ ಅಪ್ಪ ಆ ತಪ್ಪು ಮಾಡಿರಲಿಲ್ಲ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ನನ್ನ ಮೇಲೆ ಸಿಟ್ಟು ಬಂದವರೂ ನಿಲ್ಲಿ. ಒಂದು ನಿಮಿಷ — ಯಾರೂ ಏನೂ ಮಾತಾಡುವುದು ಬೇಡ.